ಪೋಸ್ಟ್‌ಗ್ರೆಸ್ ಫೇಲ್‌ಓವರ್: ರೆಪ್‌ಎಂಜಿಆರ್, ಪಿಜಿ ಆಟೋ ಫೇಲ್‌ಓವರ್, ಪಾಟ್ರೋನಿ, ಮೂರನ್ನೂ ಓಡಿಸಿ ನೋಡಿದ್ದು

ಪೋಸ್ಟ್‌ಗ್ರೆಸ್ ಡೇಟಾಬೇಸ್‌ಗೆ ಎಚ್‌ಎ (ಹೈ ಅವೈಲಬಿಲಿಟಿ, ಒಂದು ಸರ್ವರ್ ಬಿದ್ರೂ ಕೆಲಸ ನಿಲ್ಲದ ವ್ಯವಸ್ಥೆ) ಮಾಡ್ಬೇಕು ಅಂದಾಗ ಮೀಟಿಂಗಲ್ಲಿ ಮೊದ್ಲು ಬರೋ ಪ್ರಶ್ನೆ, ಎಷ್ಟು ಸೆಕೆಂಡಲ್ಲಿ ಫೇಲ್‌ಓವರ್ ಆಗತ್ತೆ, ಅಂದ್ರೆ ಮುಖ್ಯ ಸರ್ವರ್ ಬಿದ್ರೆ ಕೆಲಸ ಇನ್ನೊಂದಕ್ಕೆ ಹೋಗತ್ತೆ ಅನ್ನೋದು. ಈ ಕೆಲಸ ಮಾಡೋ ಮೂರು ಟೂಲನ್ನೂ ಒಂದೇ ಥರದ ವಿಎಂಗಳ (ವರ್ಚುವಲ್ ಮಷೀನ್) ಮೇಲೆ ಹಾಕಿ ಬೇಕಂತಲೇ ಕೆಡಿಸಿ ನೋಡಿದ್ಮೇಲೆ, ಅದಕ್ಕಿಂತ ಮುಂಚೆ ಇನ್ನೊಂದು ಪ್ರಶ್ನೆ ಕೇಳ್ಲೇಬೇಕು ಅಂತ ನನಗೆ ಖಾತ್ರಿ ಆಯ್ತು. ನೆಟ್‌ವರ್ಕ್ ಕಟ್ಟಾಗಿ ಒಂಟಿಯಾಗಿ ಉಳಿದ ಹಳೇ ಪ್ರೈಮರಿ (ರೈಟ್ ತಗೊಳ್ಳೋ ಮುಖ್ಯ ಸರ್ವರ್) ಆ ಹೊತ್ತಲ್ಲಿ ಏನ್ ಮಾಡ್ತಿರತ್ತೆ?

ಟೆಸ್ಟ್ ಸಿಂಪಲ್. ಒಂದು ಸ್ಕ್ರಿಪ್ಟ್ ಅರ್ಧರ್ಧ ಸೆಕೆಂಡಿಗೆ ಒಂದು ರೋ ಇನ್ಸರ್ಟ್ ಮಾಡ್ತಾ ಟೈಮ್ ಬರ್ಕೊಳ್ತಿರತ್ತೆ, ನಾನು ಒಂದ್ಸಲ ಪೋಸ್ಟ್‌ಗ್ರೆಸ್ ಪ್ರೋಸೆಸ್ ಕಿಲ್ ಮಾಡ್ತೀನಿ, ಒಂದ್ಸಲ ವಿಎಂ ಪವರ್ ಆಫ್ ಮಾಡ್ತೀನಿ, ಒಂದ್ಸಲ ಫೈರ್‌ವಾಲ್ ರೂಲ್ ಹಾಕಿ ಪ್ರೈಮರಿನ ಬಾಕಿ ನೋಡ್‌ಗಳಿಂದ (ಸರ್ವರ್‌ಗಳಿಂದ) ಬೇರೆ ಮಾಡ್ತೀನಿ. ರೋಗಳ ಮಧ್ಯೆ ಎಲ್ಲಿ ಗ್ಯಾಪ್ ಬಂತೋ ಅದೇ ಡೌನ್‌ಟೈಮ್.

ಮೂರರಲ್ಲಿ ರೆಪ್‌ಎಂಜಿಆರ್ ಹಾಕೋದೇ ಎಲ್ಲಕ್ಕಿಂತ ಸುಲಭ. ಕ್ಲೋನ್ ಮಾಡು, ರಿಜಿಸ್ಟರ್ ಮಾಡು, ಡೀಮನ್ (ಹಿನ್ನೆಲೇಲಿ ಓಡೋ ಪ್ರೋಗ್ರಾಮ್) ಓಡಿಸು, ಅಷ್ಟೇ, ಬೇರೆ ಸರ್ವರ್ ಏನೂ ಬೇಡ. ಡಿಫಾಲ್ಟಲ್ಲಿ 10 ಸೆಕೆಂಡಿಗೊಂದ್ಸಲ 6 ಬಾರಿ ಪ್ರೈಮರಿನ ಹುಡುಕತ್ತೆ, ಅಂದ್ರೆ ಸುಮಾರು ಒಂದು ನಿಮಿಷ ಕಾದು ಆಮೇಲೆ ಸ್ಟ್ಯಾಂಡ್‌ಬೈನ (ಪ್ರೈಮರಿಯ ನಕಲು ಇಟ್ಕೊಂಡಿರೋ ಸರ್ವರ್) ಪ್ರೈಮರಿಯಾಗಿ ಮೇಲೇರಿಸತ್ತೆ, ಇದನ್ನ ಕಮ್ಮಿ ಮಾಡ್ಕೋಬಹುದು. ಪವರ್ ಆಫ್ ಟೆಸ್ಟಲ್ಲಿ ಏನೂ ತಕರಾರಿಲ್ಲದೆ ಪಾಸಾಯ್ತು. ಫೈರ್‌ವಾಲ್ ಟೆಸ್ಟಲ್ಲಿ ಮಾತ್ರ ಗಾಬರಿ ಆಗೋ ಹಾಗಿತ್ತು: ಆ ಕಡೆ ಎರಡು ಸ್ಟ್ಯಾಂಡ್‌ಬೈ ಸೇರಿ ಹೊಸ ಪ್ರೈಮರಿ ಮಾಡ್ಕೊಂಡ್ವು, ಈ ಕಡೆ ಹಳೇದು ತನ್ನ ಪಾಡಿಗೆ ರೈಟ್ ತಗೊಳ್ತಾನೇ ಇತ್ತು. ಎರಡೂ ಕಡೆ ನೀನು ರಿಕವರಿಲಿ (ಅಂದ್ರೆ ಸ್ಟ್ಯಾಂಡ್‌ಬೈ ಆಗಿ) ಇದ್ದೀಯಾ ಅಂತ ಕ್ವೆರಿ ಹಾಕಿದ್ರೆ ಎರಡೂ ಇಲ್ಲ ಅಂತಾವೆ. ಒಂದೇ ಅಂಗಡಿಗೆ ಇಬ್ಬರು ಕೂತು ಬೇರೆ ಬೇರೆ ಲೆಕ್ಕದ ಪುಸ್ತಕ ಬರೆದ ಹಾಗೆ. ಫೈರ್‌ವಾಲ್ ತೆಗೆದು ಪಿಜಿ ರಿವೈಂಡ್ (ಬೇರೆ ದಾರಿ ಹಿಡಿದ ಸರ್ವರನ್ನ ಹೊಸ ಪ್ರೈಮರಿಗೆ ಹೊಂದಿಸೋ ಟೂಲ್) ಓಡಿಸಿದ್ರೆ ಹಳೇದು ಹೊಸದರ ಹಿಂದೆ ಬಂದು ನಿಲ್ಲತ್ತೆ, ಆದ್ರೆ ಆ ಮಧ್ಯೆ ಅದರಲ್ಲಿ ಬಿದ್ದ ರೋ ಎಲ್ಲ ಹೋಯ್ತು, ಅದೂ ಕ್ಲೈಂಟ್‌ಗೆ ಕಮಿಟ್ ಆಯ್ತು ಅಂತ ಹೇಳಿ ಆದ್ಮೇಲೆ. ಪ್ರೈಮರಿಯಿಂದ ಅದರ ಸ್ಟ್ಯಾಂಡ್‌ಬೈಗಳು ಬಿಟ್ಟು ಹೋದ್ರೆ ಒಂದು ಕಮಾಂಡ್ ಓಡಿಸೋ ಸೆಟ್ಟಿಂಗ್ ರೆಪ್‌ಎಂಜಿಆರಲ್ಲಿದೆ, ಆದ್ರೆ ಪೋಸ್ಟ್‌ಗ್ರೆಸ್ ನಿಲ್ಲಿಸೋ ಸ್ಕ್ರಿಪ್ಟ್ ನಾವೇ ಬರೀಬೇಕು, ನಾವೇ ಟೆಸ್ಟ್ ಮಾಡ್ಬೇಕು.

ಇದೆಲ್ಲ ಲ್ಯಾಬಲ್ಲಿ ಮಾತ್ರ ಆಗೋದು ಅಂತ ಅನ್ಕೊಳ್ಳೋರು 2018ರ ಅಕ್ಟೋಬರ್ 21ರಂದು ಗಿಟ್‌ಹಬ್‌ಗೆ ಆಗಿದ್ದನ್ನ ನೆನಪಿಸ್ಕೋಬೇಕು. ಅದು ಮೈಎಸ್‌ಕ್ಯೂಎಲ್, ಟೂಲ್ ಬೇರೆ, ಆದ್ರೆ ಕಥೆ ಇದೇ. ನೆಟ್‌ವರ್ಕ್ ಹೋಗಿದ್ದು 43 ಸೆಕೆಂಡ್. ಅಷ್ಟರಲ್ಲಿ ಅಮೆರಿಕದ ಪೂರ್ವ ಕರಾವಳಿಯ ಪ್ರೈಮರಿಗಳು ಪಶ್ಚಿಮಕ್ಕೆ ಫೇಲ್‌ಓವರ್ ಆದ್ವು, ಎರಡೂ ಕಡೆ ಇನ್ನೊಂದು ಕಡೆ ಇಲ್ಲದ ರೈಟ್ಸ್ ಉಳ್ಕೊಂಡ್ವು, ಡೇಟಾ ಕಾಪಾಡ್ಕೊಂಡು ಪೂರ್ತಿ ಸರಿಹೋಗೋಕೆ 24 ಗಂಟೆ 11 ನಿಮಿಷ ಹಿಡೀತು. 99.99% ಅಪ್‌ಟೈಮ್ ಅಂದ್ರೆ ವರ್ಷಕ್ಕೆ ಡೌನ್‌ಟೈಮ್ ಬರೀ 52 ನಿಮಿಷ ಚಿಲ್ಲರೆ, ಲೆಕ್ಕ ಹಾಕಿ.

ಪಿಜಿ ಆಟೋ ಫೇಲ್‌ಓವರ್ ಈ ವಿಷಯದಲ್ಲಿ ನನಗೆ ಇಷ್ಟ ಆಯ್ತು. ಮಾನಿಟರ್ ಅಂತ ಒಂದು ನೋಡ್, ಅದರ ಕೆಳಗೆ ಎರಡು ಡೇಟಾ ನೋಡ್ ಇದ್ರೆ ಸಾಕು. ಪ್ರೈಮರಿಗೆ ಮಾನಿಟರೂ ಸಿಗ್ದೆ ಸ್ಟ್ಯಾಂಡ್‌ಬೈಯೂ ಕಾಣ್ದೆ ಡಿಫಾಲ್ಟ್ 20 ಸೆಕೆಂಡ್ ಕಳೆದ್ರೆ ತಾನೇ ಇಳಿದು ಬಿಡತ್ತೆ. ರೆಪ್ಲಿಕೇಶನ್ ಸಿಂಕ್ರೋನಸ್ (ಸ್ಟ್ಯಾಂಡ್‌ಬೈಗೂ ಸೇರಿದ್ಮೇಲೇ ಕಮಿಟ್ ಆಯ್ತು ಅನ್ನೋದು), ಸ್ಟ್ಯಾಂಡ್‌ಬೈ ಸತ್ರೆ ಮಾನಿಟರ್ ಸಿಂಕ್ ಆಫ್ ಮಾಡಿಸಿ ರೈಟ್ಸ್ ನಿಲ್ಲದ ಹಾಗೆ ನೋಡ್ಕೊಳತ್ತೆ. ಕೊರತೆ ಅಂದ್ರೆ ಮಾನಿಟರ್ ಒಂದೇ. ಅದು ಬಿದ್ರೆ ಡೇಟಾಬೇಸ್ ಓಡ್ತಾನೇ ಇರತ್ತೆ, ಆದ್ರೆ ಅದು ಎದ್ದು ಬರೋ ತನಕ ಆಟೋಮ್ಯಾಟಿಕ್ ಫೇಲ್‌ಓವರ್ ಇಲ್ಲ.

ಪಾಟ್ರೋನಿ ಬೇರೆ ಲೆವೆಲ್, ಕೆಲಸಾನೂ ಅಷ್ಟೇ ಜಾಸ್ತಿ. ಇದು ಜಲಾಂಡೋ ಕಂಪನಿಯವರು ಪೈಥಾನಲ್ಲಿ ಬರೆದದ್ದು, ಯಾರು ಲೀಡರ್ ಅನ್ನೋ ಕೀ ಎಟ್‌ಸಿಡಿ ಥರದ ಸ್ಟೋರಲ್ಲಿ (ಹಲವು ನೋಡ್ ಬಹುಮತದಿಂದ ಒಪ್ಪಿ ಇಟ್ಕೊಳ್ಳೋ ಸಣ್ಣ ಡೇಟಾ ಸ್ಟೋರ್) ಇರತ್ತೆ, ಆ ಕೀಗೆ 30 ಸೆಕೆಂಡ್ ಆಯಸ್ಸು, ಪ್ರೈಮರಿ 10 ಸೆಕೆಂಡಿಗೊಂದ್ಸಲ ರಿನ್ಯೂ ಮಾಡ್ತಿರ್ಬೇಕು. ಫೈರ್‌ವಾಲ್ ಹಾಕಿದ್ರೆ ರಿನ್ಯೂ ಆಗಲ್ಲ, ಆಗ್ಲಿಲ್ಲ ಅಂದ್ರೆ ಹಳೇದು ರೈಟ್ಸ್ ನಿಲ್ಲಿಸಿ ರೀಡ್ ಓನ್ಲಿ ಆಗತ್ತೆ, ಆಮೇಲೇ ಬೇರೆಯವರು ಆ ಕೀ ಹಿಡಿಯೋದು. ಲಾಗಲ್ಲಿ ಇದೇ ಕ್ರಮದಲ್ಲಿ ಒಂದೊಂದೇ ಸಾಲು ಬರೋದು ನೋಡಿದಾಗ ನನಗೆ ನಂಬಿಕೆ ಬಂತು. ಪಾಟ್ರೋನಿ ಪ್ರೋಸೆಸ್ಸೇ ಹ್ಯಾಂಗ್ ಆದ್ರೆ ಅಂತ ವಾಚ್‌ಡಾಗ್ ಕೂಡ ಹಾಕ್ಬಹುದು, ಅದು ಮಷೀನನ್ನೇ ರೀಸೆಟ್ ಮಾಡತ್ತೆ. ನೆಟ್‌ವರ್ಕ್ ವಾಪಸ್ ಬಂದ್ಮೇಲೆ ರಿವೈಂಡ್ ತಾನೇ ಮಾಡ್ಕೊಂಡು ಸ್ಟ್ಯಾಂಡ್‌ಬೈ ಆಗಿ ಸೇರ್ಕೊಳತ್ತೆ, ಅದಕ್ಕೆ ಕಾನ್ಫಿಗಲ್ಲಿ ರಿವೈಂಡ್ ಆನ್ ಇರ್ಬೇಕು, ಪೋಸ್ಟ್‌ಗ್ರೆಸಲ್ಲಿ ಚೆಕ್‌ಸಮ್ ಅಥವಾ ವಾಲ್ ಲಾಗ್ ಹಿಂಟ್ಸ್ ಅನ್ನೋ ಸೆಟ್ಟಿಂಗ್ ಕೂಡ ಆನ್ ಇರ್ಬೇಕು.

ಪ್ರೋಸೆಸ್ ಕಿಲ್ ಟೆಸ್ಟಲ್ಲಿ ಮಾತ್ರ ಫೇಲ್‌ಓವರ್ ಆಗ್ಲೇ ಇಲ್ಲ, ಅದು ಸರಿಯೇ. ಪಾಟ್ರೋನಿ ಮೊದ್ಲು ಅಲ್ಲೇ ರೀಸ್ಟಾರ್ಟ್ ಮಾಡತ್ತೆ, ಅದಕ್ಕೆ ಡಿಫಾಲ್ಟ್ ಟೈಮ್ 300 ಸೆಕೆಂಡ್. ದೊಡ್ಡ ಡೇಟಾಬೇಸಲ್ಲಿ ಕ್ರ್ಯಾಶ್ ರಿಕವರಿ ನಿಧಾನ ಆದ್ರೆ ಐದು ನಿಮಿಷ ಸುಮ್ನೆ ಕಾಯ್ಬೇಕಾಗತ್ತೆ, ಹಾಗಾಗಿ ಇದನ್ನ ಇಳಿಸಿ.

ತೊಂದರೆ ಎಟ್‌ಸಿಡಿದು. ಮೂರು ನೋಡಲ್ಲಿ ಎರಡು ಹೋದ್ರೆ ಪೋಸ್ಟ್‌ಗ್ರೆಸ್ ಗಟ್ಟಿಮುಟ್ಟಾಗಿದ್ರೂ ರೈಟ್ಸ್ ನಿಂತು ಹೋಗತ್ತೆ. ಪಾಟ್ರೋನಿ 3.0ಯಿಂದ ಫೇಲ್‌ಸೇಫ್ ಮೋಡ್ ಬಂದಿದೆ, ಎಲ್ಲ ನೋಡ್‌ಗಳೂ ಒಂದಕ್ಕೊಂದು ಸಿಗ್ತಿದ್ರೆ ಪ್ರೈಮರಿ ಇಳಿಯಲ್ಲ, ಅದನ್ನ ಆನ್ ಮಾಡಿ. ಎಟ್‌ಸಿಡಿ ಡಿಸ್ಕ್ ನಿಧಾನ ಇದ್ರೂ ಕಾಟ ಕೊಡತ್ತೆ, ಪೋಸ್ಟ್‌ಗ್ರೆಸ್ ಬರೆಯೋ ಡಿಸ್ಕಲ್ಲೇ ಇಡ್ಬೇಡಿ. ರೆಪ್ಲಿಕೇಶನ್ ಅಸಿಂಕ್ (ಸ್ಟ್ಯಾಂಡ್‌ಬೈಗೆ ಕಾಯದೆ ಕಮಿಟ್ ಮಾಡೋದು) ಇದ್ರೆ 1 ಎಂಬಿ ತನಕ ಹಿಂದೆ ಬಿದ್ದ ಸ್ಟ್ಯಾಂಡ್‌ಬೈನೂ ಡಿಫಾಲ್ಟಲ್ಲಿ ಲೀಡರ್ ಆಗ್ಬಹುದು, ಅಷ್ಟು ಡೇಟಾ ಹೋಗ್ಬಹುದು ಅಂತಲೇ ಅರ್ಥ. ದುಡ್ಡಿನ ವ್ಯವಹಾರ ಇರೋ ಕಡೆ ಸಿಂಕ್ರೋನಸ್ ಮೋಡ್ ಹಾಕ್ಲೇಬೇಕು.

ನಮ್ಮ ಕೆಲಸದಲ್ಲಿ ಡೌನ್‌ಟೈಮ್ ಜಾಸ್ತಿ ತಿನ್ನೋದು ಕ್ರ್ಯಾಶ್ ಅಲ್ಲ, ಓಎಸ್ ಪ್ಯಾಚಿಂಗ್, ಪೋಸ್ಟ್‌ಗ್ರೆಸ್ ಮೈನರ್ ಅಪ್‌ಡೇಟು. ಅಲ್ಲಿ ಸ್ವಿಚ್‌ಓವರ್ (ನಾವೇ ಬೇಕಂತ ಪ್ರೈಮರಿ ಬದಲಿಸೋದು) ಮೂರರಲ್ಲೂ ಚೆನ್ನಾಗಿದೆ, ಸ್ವಲ್ಪ ಮುಂಚೆ ಕೈಯಾರೆ ಒಂದು ಚೆಕ್‌ಪಾಯಿಂಟ್ (ಮೆಮೊರಿಲಿರೋ ಬದಲಾವಣೆನ ಡಿಸ್ಕಿಗೆ ಬರೆಸೋದು) ಹಾಕಿದ್ರೆ ಗ್ಯಾಪ್ ಕೆಲವೇ ಸೆಕೆಂಡ್.

ನನ್ನ ಆಯ್ಕೆ: ಎಟ್‌ಸಿಡಿ ನೋಡ್ಕೊಳ್ಳೋಕೆ ಜನ ಇದ್ರೆ ಪಾಟ್ರೋನಿ, ಮಾನಿಟರ್ ಬಿಟ್ಟು ಎರಡೇ ಡೇಟಾ ಸರ್ವರ್ ಇರೋ ಸಣ್ಣ ಟೀಮಿಗೆ ಪಿಜಿ ಆಟೋ ಫೇಲ್‌ಓವರ್. ರೆಪ್‌ಎಂಜಿಆರನ್ನ ಆಟೋ ಆಫ್ ಇಟ್ಟು, ಮನುಷ್ಯರೇ ನೋಡಿ ಪ್ರಮೋಟ್ ಮಾಡೋ ಕಡೆ ಧೈರ್ಯವಾಗಿ ಇಡ್ತೀನಿ.

ಯಾವುದೇ ಹಾಕಿದ್ರೂ ಅಪ್ಲಿಕೇಶನ್ ಕಡೆ ಕೆಲಸ ಇದ್ದೇ ಇದೆ. ಪವರ್ ಆಫ್ ಆದ ಸರ್ವರ್‌ಗೆ ಅಂಟ್ಕೊಂಡ ಹಳೇ ಕನೆಕ್ಷನ್ ತಾನಾಗೇ ಸಾಯಲ್ಲ, ಲಿನಕ್ಸಲ್ಲಿ ಟಿಸಿಪಿ ಕೀಪ್‌ಅಲೈವ್ (ಸುಮ್ನಿರೋ ಕನೆಕ್ಷನ್ ಇನ್ನೂ ಬದುಕಿದ್ಯಾ ಅಂತ ಪರೀಕ್ಷೆ ಶುರು ಮಾಡೋ ಸಮಯ) ಡಿಫಾಲ್ಟ್ 7200 ಸೆಕೆಂಡ್, ಎರಡು ಗಂಟೆ. ಅದನ್ನ ಕ್ಲೈಂಟಲ್ಲಿ ಕಮ್ಮಿ ಮಾಡಿ, ಎಚ್‌ಎ ಪ್ರಾಕ್ಸಿ (ಕನೆಕ್ಷನ್‌ಗಳನ್ನ ಸರಿಯಾದ ನೋಡ್‌ಗೆ ಕಳಿಸೋ ಪ್ರೋಗ್ರಾಮ್) ಇದ್ರೆ ನೋಡ್ ಡೌನ್ ಅಂತ ಗುರುತಾದ ಕೂಡ್ಲೇ ಸೆಷನ್ ಕಟ್ ಮಾಡೋ ಆಪ್ಷನ್ ಹಾಕಿ, ಕನೆಕ್ಷನ್ ಸ್ಟ್ರಿಂಗಲ್ಲಿ ಎಲ್ಲ ಹೋಸ್ಟ್ ಹೆಸರೂ ಕೊಟ್ಟು ರೀಡ್ ರೈಟ್ ಇರೋದಕ್ಕೇ ಹೋಗು ಅಂತ ಹೇಳಿ, ಪೋಸ್ಟ್‌ಗ್ರೆಸ್ 10ರಿಂದ ಇದು ಅದರ ಕ್ಲೈಂಟ್ ಲೈಬ್ರರಿಲೇ ಇದೆ.