ಷೋರೂಮಿನ ದೀಪದಡಿ ಕಾರಿನ ಬಣ್ಣ ಆರಿಸಬೇಡಿ

ಆಯುಧಪೂಜೆಯೊಳಗೆ ಹೊಸ ಕಾರು ಮನೆಗೆ ಬರಬೇಕೆಂಬ ಆತುರದಲ್ಲಿ ನಾವು ಮಾಡಿಕೊಂಡ ಎಡವಟ್ಟನ್ನು ಇಲ್ಲಿ ಬರೆಯುತ್ತಿದ್ದೇನೆ. ಈ ಬಾರಿ ಹಬ್ಬಕ್ಕೆಂದು ಬುಕಿಂಗ್ ಮಾಡಲಿರುವವರು ಮುಂಗಡ ಕಟ್ಟುವ ಮುನ್ನ ಓದಿಕೊಂಡರೆ ಒಳ್ಳೆಯದು. ನಾವು ಕೇಳಿದ್ದು ಬಿಳಿ ಬಣ್ಣ. ಬಿಳಿಗೆ ಎರಡು ತಿಂಗಳು ಕಾಯಬೇಕಾಗುತ್ತದೆ, ಕಡುನೀಲಿಯಾದರೆ ಹಬ್ಬಕ್ಕೆ ಖಂಡಿತ ಕೊಡುತ್ತೇವೆ ಎಂದರು ಮಾರಾಟ ಪ್ರತಿನಿಧಿ. ಸಂಜೆ ಏಳರ ಹೊತ್ತು, ಚಾವಣಿಯ ತುಂಬ ಎಲ್‌ಇಡಿ ದೀಪಗಳು. ಅವುಗಳಡಿಯಲ್ಲಿ ಆ ಪರ್ಲ್ ನೀಲಿ ನವಿಲಿನ ಕೊರಳಂತೆ ಹೊಳೆಯುತ್ತಿತ್ತು. ಬಿಳಿಗಿಂತ ಹೆಚ್ಚು ಹಣ ತೆತ್ತು, ಬಣ್ಣ ಬದಲಾವಣೆಯ ಪತ್ರಕ್ಕೆ ನಾನೇ ಸಹಿ ಹಾಕಿದೆ.

ಪರ್ಲ್ ಬಣ್ಣದಲ್ಲಿ ಅಭ್ರಕದ ಅತಿ ಸಣ್ಣ ಚೂರುಗಳಿರುತ್ತವೆ. ತೀಕ್ಷ್ಣವಾದ ಬೆಳಕು ಬಿದ್ದಾಗ ಅವು ಮಿನುಗುತ್ತವೆ, ಬೆಳಕು ಮಂಕಾದರೆ ತಳದ ಗಾಢ ಬಣ್ಣವಷ್ಟೇ ಉಳಿಯುತ್ತದೆ. ಷೋರೂಮಿನಲ್ಲಿ ನೂರು ದೀಪ, ನಮ್ಮ ಬೇಸ್‌ಮೆಂಟಿನಲ್ಲಿ ಒಂದು ಟ್ಯೂಬ್‌ಲೈಟ್. ಮೋಡ ಮುಸುಕಿದ ಬೆಂಗಳೂರಿನ ದಿನಗಳಲ್ಲಂತೂ ಹೊರಗೆ ನಿಲ್ಲಿಸಿದರೂ ಕಾರು ಕಪ್ಪಾಗಿಯೇ ಕಾಣುತ್ತದೆ.

ಅದನ್ನಾದರೂ ಸಹಿಸಬಹುದಿತ್ತು. ಪೂಜೆಯ ದಿನ ಬಾನೆಟ್ಟಿನ ಮೇಲೆ ಎಳೆದ ವಿಭೂತಿಯನ್ನು ಮರುದಿನ ಒಣಬಟ್ಟೆಯಿಂದ ನಾನೇ ಶ್ರದ್ಧೆಯಿಂದ ಒರೆಸಿದೆ. ಅಜ್ಜಿ ಹಿತ್ತಾಳೆ ಪಾತ್ರೆಗಳನ್ನು ಬೂದಿಯಿಂದಲೇ ಉಜ್ಜುತ್ತಿದ್ದುದು ಆಗ ನೆನಪಾಗಲಿಲ್ಲ! ಬಣ್ಣವನ್ನು ಕಾಯುವ ಪಾರದರ್ಶಕ ಮೇಲ್ಪದರ, ಅಂದರೆ ಕ್ಲಿಯರ್‌ಕೋಟ್, ಸಾಮಾನ್ಯವಾಗಿ 40ರಿಂದ 50 ಮೈಕ್ರಾನ್ ದಪ್ಪವಿರುತ್ತದೆ, ತಲೆಗೂದಲಿಗಿಂತ ತೆಳು. ಅದರ ಮೇಲೆ ಬಿದ್ದ ಕೂದಲೆಳೆಯಂತಹ ಗೀರುಗಳು ಬಿಳಿಯ ಮೇಲೆ ಕಣ್ಣಿಗೇ ಬೀಳುವುದಿಲ್ಲ, ಗಾಢ ಬಣ್ಣದ ಮೇಲಾದರೆ ಬಿಸಿಲಿನಲ್ಲಿ ಜೇಡರ ಬಲೆಯಂತೆ ಎದ್ದು ತೋರುತ್ತವೆ. ಪಾಲಿಶ್ ಮಾಡಿಸಿದರೆ ಮಾಯವಾಗುತ್ತವೆ ನಿಜ, ಆದರೆ ಪ್ರತಿ ಪಾಲಿಶ್ ಆ ಪದರವನ್ನೇ ಅಷ್ಟಷ್ಟು ಸವೆಸುತ್ತದೆ.

ಇನ್ನು ನೀರಿನ ವಿಷಯ. 2024ರ ಮಾರ್ಚ್‌ನಲ್ಲಿ ನೀರಿನ ಅಭಾವ ತಲೆದೋರಿದಾಗ ಕುಡಿಯುವ ನೀರಿನಿಂದ ವಾಹನ ತೊಳೆಯುವುದನ್ನು ಜಲಮಂಡಳಿ ನಿಷೇಧಿಸಿ, ತಪ್ಪಿದವರಿಗೆ 5,000 ರೂಪಾಯಿ ದಂಡ ನಿಗದಿಪಡಿಸಿತ್ತು. ಕನಕಪುರ ರಸ್ತೆಯ ಕಡೆಯ ನಮ್ಮ ಅಪಾರ್ಟ್‌ಮೆಂಟಿಗೆ ಮೊದಲಿನಿಂದಲೂ ಕೊಳವೆಬಾವಿ ಮತ್ತು ಟ್ಯಾಂಕರ್ ನೀರೇ ಗತಿ. ಆ ಗಡಸು ನೀರು ಆರಿದ ಮೇಲೆ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು ಬಿಳಿ ಉಂಗುರಗಳಾಗಿ ಉಳಿದುಬಿಡುತ್ತವೆ. ಗಾಢ ಬಣ್ಣ ಬಿಸಿಲಿಗೆ ಬೇಗ ಕಾಯುವುದರಿಂದ, ಕಾರು ತೊಳೆಯುವ ಹುಡುಗ ಒಂದು ಬದಿ ಒರೆಸಿ ಮುಗಿಸುವಷ್ಟರಲ್ಲಿ ಇನ್ನೊಂದು ಬದಿಯ ಹನಿಗಳು ಆರಿ ಅಂಟಿಕೊಂಡಿರುತ್ತವೆ.

ನನಗೆ ನಿಜವಾಗಿ ಬಿಸಿ ಮುಟ್ಟಿದ್ದು ಸಿಲ್ಕ್ ಬೋರ್ಡ್ ಬಳಿ ಆಟೋವೊಂದು ಹಿಂದಿನ ಬಂಪರನ್ನು ಉಜ್ಜಿಕೊಂಡು ಹೋದಾಗ. ಬಂಪರಿಗೆ ಮತ್ತೆ ಬಣ್ಣ ಹೊಡೆಸಬೇಕಾಯಿತು. ಬಣ್ಣದ ಸಂಕೇತಸಂಖ್ಯೆ ಅದೇ ಆಗಿದ್ದರೂ, ಬಣ್ಣ ಸಿಂಪಡಿಸುವ ಗನ್ನಿನ ಒತ್ತಡ ಮತ್ತು ಸಿಂಪಡಿಸಿದ ಪದರದ ದಪ್ಪ ತುಸು ಬೇರೆಯಾದರೆ ಅಭ್ರಕದ ಚೂರುಗಳು ಕೂರುವ ರೀತಿಯೂ ಬೇರೆಯಾಗುತ್ತದೆ. ಪಕ್ಕದ ಭಾಗದ ಮೇಲೂ ಹೊಸ ಬಣ್ಣವನ್ನು ತೆಳುವಾಗಿ ಬೆರೆಸಿದರೆ ಮಾತ್ರ ವ್ಯತ್ಯಾಸ ಮರೆಯಾಗುತ್ತದೆ. ವಿಮೆಯವರು ಒಪ್ಪಿದ್ದು ಬಂಪರಿಗೆ ಮಾತ್ರ, ಉಳಿದದ್ದಕ್ಕೆ ನಾನು ಕೈಯಿಂದ ಹಾಕಲಿಲ್ಲ. ಈಗ ಹಿಂಬದಿ ಒಂದು ನೀಲಿ, ಪಕ್ಕ ಇನ್ನೊಂದು ನೀಲಿ.

ಹಾಗಾಗಿ ನೀವು ಕೊಳ್ಳುವ ಕಾರನ್ನೇ ಹಗಲಿನಲ್ಲಿ, ಡೀಲರು ಕಾರುಗಳನ್ನು ನಿಲ್ಲಿಸಿಡುವ ಯಾರ್ಡಿಗೆ ಹೋಗಿ ಬಿಸಿಲಲ್ಲೂ ನೆರಳಲ್ಲೂ ನೋಡಿ. ಕೈಗೆ ಕೊಡುವ ಹೆಬ್ಬೆರಳಗಲದ ಬಣ್ಣದ ತುಣುಕನ್ನು ನಂಬಬೇಡಿ. ಸಾಧ್ಯವಾದರೆ ಅದೇ ಬಣ್ಣದ, ನಿಮ್ಮದೇ ನೀರಿನಲ್ಲಿ ಎರಡು ವರ್ಷ ತೊಳೆಸಿಕೊಂಡ ಕಾರನ್ನು ಹುಡುಕಿ ನೋಡಿ, ಅದು ಹೇಳುವಷ್ಟನ್ನು ಯಾವ ಪ್ರತಿನಿಧಿಯೂ ಹೇಳುವುದಿಲ್ಲ. ಸಾದಾ ಬಣ್ಣವೋ, ಮೆಟಾಲಿಕ್ಕೋ, ಪರ್ಲೋ ಎಂದು ಕೇಳಿ, ಒಂದು ಬಾಗಿಲಿಗೆ ಮತ್ತೆ ಬಣ್ಣ ಹೊಡೆಸಲು ಎಷ್ಟಾಗುತ್ತದೆಂಬುದನ್ನು ಸಹಿಗೆ ಮೊದಲೇ ತಿಳಿದುಕೊಳ್ಳಿ. ಆಮೇಲೆ ಬದಲಿಸಿದರಾಯಿತು ಎನ್ನುವಂತಿಲ್ಲ. ಆರ್‌ಸಿಯಲ್ಲಿ ಬಣ್ಣವೂ ನಮೂದಾಗಿರುವುದರಿಂದ ಆರ್‌ಟಿಒ ಕಚೇರಿಗೆ ಅಲೆಯಬೇಕಾಗುತ್ತದೆ.

ನಮ್ಮ ಆರ್‌ಸಿಯಲ್ಲಿ ನೀಲಿ ಎಂದೇ ಇದೆ. ಗೇಟಿನ ಕಾವಲುಗಾರ ಮಾತ್ರ ತನ್ನ ಪುಸ್ತಕದಲ್ಲಿ ಮೊದಲ ದಿನದಿಂದಲೂ ಕಪ್ಪು ಕಾರು ಎಂದು ಬರೆದುಕೊಳ್ಳುತ್ತಾನೆ.