ಅಮೂರ್ತ ಮಸಿಚಿತ್ರಕ್ಕೆ ಶ್ವೆನ್ ಕಾಗದ: ಕೊಳ್ಳುವ ಮುನ್ನ

ಚೀನೀ ಮಸಿಯಲ್ಲಿ ಅಮೂರ್ತ ಚಿತ್ರ ಬರೆಯಲು ಹೊರಟವರು ಸಾಮಾನ್ಯವಾಗಿ ಮೊದಲು ದುಬಾರಿ ಕುಂಚ ಕೊಳ್ಳುತ್ತಾರೆ, ಆಮೇಲೆ ಮಸಿ, ಉಳಿದ ಪುಡಿಗಾಸಿನಲ್ಲಿ ಕಾಗದ. ಈ ಕ್ರಮ ತಲೆಕೆಳಗಾಗಬೇಕು ಎಂಬುದು ನನ್ನ ಅಭಿಪ್ರಾಯ. ಬೆಟ್ಟ, ಬಿದಿರು, ಹಕ್ಕಿ ಯಾವುದೂ ಇಲ್ಲದ ಚಿತ್ರದಲ್ಲಿ ಕಣ್ಣಿಗೆ ಆಸರೆಯಾಗುವುದು ಮಸಿ ಹರಡಿದ ಬಗೆ ಮಾತ್ರ. ಆ ಹರಡುವಿಕೆಯ ಅರ್ಧ ಪಾಲು ಕಾಗದದ ಕೈಯಲ್ಲಿದೆ.

ಚೀನೀ ಮಸಿಚಿತ್ರಕ್ಕೆ ಬಳಸುವ ಶ್ವೆನ್ ಕಾಗದದ ತವರು ಚೀನಾದ ಆನ್‌ಹ್ವೇ ಪ್ರಾಂತ್ಯದ ಜಿಂಗ್ ಕೌಂಟಿ. ಅಲ್ಲಿ ಬೆಳೆಯುವ ಚಿಂಗ್‌ತಾನ್ ಮರದ ತೊಗಟೆಯ ನಾರಿಗೆ ಭತ್ತದ ಹುಲ್ಲಿನ ನಾರನ್ನು ಬೆರೆಸಿ ಇದನ್ನು ಕೈಯಿಂದ ತಯಾರಿಸುತ್ತಾರೆ. 2009ರಲ್ಲಿ ಯುನೆಸ್ಕೋ ಈ ಕಸುಬನ್ನು ಮನುಕುಲದ ಅಮೂರ್ತ ಸಾಂಸ್ಕೃತಿಕ ಪರಂಪರೆಯ ಪಟ್ಟಿಗೆ ಸೇರಿಸಿತು. ತೊಗಟೆ ಮತ್ತು ಹುಲ್ಲಿನ ಪ್ರಮಾಣವನ್ನು ನೋಡಿ ದರ್ಜೆ ಕಟ್ಟುತ್ತಾರೆ. ಹುಲ್ಲು ಹೆಚ್ಚಿರುವ ಮಿಯೆನ್‌ಲ್ಯಾವ್ ಮೆತ್ತಗಿದ್ದು ಅಗ್ಗವಾಗಿ ಸಿಗುತ್ತದೆ, ತೊಗಟೆ ಹೆಚ್ಚಿರುವ ಜಿಂಗ್‌ಪಿ ಗಟ್ಟಿ, ಅದಕ್ಕೂ ಮೇಲಿನದು ತೆಜಿಂಗ್. ಅಭ್ಯಾಸಕ್ಕೆ ಮಿಯೆನ್‌ಲ್ಯಾವ್ ಧಾರಾಳವಾಗಿ ಸಾಕು. ಆದರೆ ಹಾಳೆಯನ್ನು ನೆನೆಸುವುದು, ಮುದುಡುವುದು, ಎರಡು ಬದಿಯಿಂದಲೂ ಬಳಿಯುವುದು ಅಮೂರ್ತ ಚಿತ್ರಕಾರರಿಗೆ ನಿತ್ಯದ ಕೆಲಸವಾದ್ದರಿಂದ, ಉಳಿಸಿಕೊಳ್ಳಬೇಕೆಂದಿರುವ ಚಿತ್ರಕ್ಕೆ ತೆಜಿಂಗ್‌ಗಿಂತ ಕೆಳಗೆ ಇಳಿಯಬೇಡಿ ಎಂದೇ ಹೇಳುತ್ತೇನೆ. ನೆನೆದ ಮಿಯೆನ್‌ಲ್ಯಾವ್ ಹಾಳೆಯನ್ನು ಮೂಲೆ ಹಿಡಿದು ಎತ್ತಿದರೆ ಮೂಲೆ ಮಾತ್ರ ಕೈಗೆ ಬರುವುದುಂಟು.

ದರ್ಜೆಗಿಂತ ಮುಖ್ಯವಾದದ್ದು ಹಸಿ ಮತ್ತು ಹದಗೊಳಿಸಿದ ಕಾಗದಗಳ ವ್ಯತ್ಯಾಸ. ಹಸಿ ಎಂದರೆ ಒದ್ದೆಯಲ್ಲ, ಮೇಲೆ ಏನನ್ನೂ ಬಳಿಯದ ಕಾಗದ. ಹದಗೊಳಿಸಿದ್ದಕ್ಕೆ ಪಟಿಕ ಮತ್ತು ಸರೇಸಿನ ನೀರನ್ನು ಬಳಿದಿರುತ್ತಾರೆ. ಅದರ ಮೇಲೆ ಮಸಿ ಹರಡದೆ ನಿಲ್ಲುವುದರಿಂದ ಹೂವಿನ ಎಸಳು, ಹಕ್ಕಿಯ ಗರಿಗಳಂಥ ನಯವಾದ ಕೆಲಸಕ್ಕೆ ಅದು ತಕ್ಕದ್ದು. ಹಸಿ ಕಾಗದದ ಸ್ವಭಾವವೇ ಬೇರೆ. ನೀರಾದ ಮಸಿಯ ಒಂದು ಹನಿಯನ್ನು ಬಿಟ್ಟರೆ ಅದು ನೋಡನೋಡುತ್ತಲೇ ನಾಣ್ಯದಗಲಕ್ಕೆ ಹರಡಿ, ನಡುವೆ ಕಪ್ಪಾಗಿ, ಸುತ್ತ ಬೂದಾಗಿ, ಅಂಚಿನಲ್ಲಿ ಒದ್ದೆಯ ತೆಳು ಗೆರೆಯೊಂದನ್ನು ಉಳಿಸುತ್ತದೆ. ಅದರ ಮೇಲೆ ಮತ್ತೊಂದು ಗೀಟು ಎಳೆದರೂ ಮೊದಲಿನದು ಅಳಿಸಿಹೋಗುವುದಿಲ್ಲ. ಒಣಗಿದ ಮೇಲೂ ಯಾವುದು ಮೊದಲು, ಯಾವುದು ಆಮೇಲೆ ಎಂದು ಓದಿಕೊಳ್ಳಬಹುದು. ಅಮೂರ್ತ ಚಿತ್ರಕ್ಕೆ ಈ ಗುಣವೇ ಜೀವಾಳ.

ಅಂತರ್ಜಾಲದ ಅಂಗಡಿಯೊಂದರಿಂದ ನಾನು ತರಿಸಿದ ‘ಹಸಿ ಶ್ವೆನ್’ ಕಟ್ಟಿನಲ್ಲಿ ಬಂದದ್ದು ಹದಗೊಳಿಸಿದ ಕಾಗದ, ಹಿಂತಿರುಗಿಸಲೂ ಆಗಲಿಲ್ಲ. ಕಟ್ಟು ಬಿಚ್ಚಿದೊಡನೆ ಒಂದು ಮೂಲೆಗೆ ನೀರಿನ ಹನಿ ಬಿಟ್ಟು ನೋಡಬೇಕು: ಇಂಗಿದರೆ ಹಸಿ, ಮಣಿಯಂತೆ ನಿಂತರೆ ಹದಗೊಳಿಸಿದ್ದು. ಶ್ವೆನ್‌ಗೆ ಇಂಗ್ಲಿಷಿನಲ್ಲಿ ರೂಢಿಯಾಗಿರುವ ರೈಸ್ ಪೇಪರ್ ಎಂಬ ಹೆಸರಿನಲ್ಲಿ ಬಿದಿರಿನ ಅಥವಾ ಮರದ ತಿರುಳಿನಿಂದ ಯಂತ್ರದಲ್ಲಿ ತಯಾರಾದ ಕಾಗದವನ್ನೂ ಮಾರುತ್ತಾರೆ.

ಕಾಗದಕ್ಕೆ ಇಷ್ಟು ಮಹತ್ವ ಕೊಡುವುದು ಅತಿಯಾಯಿತೆನ್ನುವವರು ಲಿಯು ಕ್ವೊ-ಸುಂಗ್ ಅವರ ಚಿತ್ರಗಳನ್ನು ಹತ್ತಿರದಿಂದ ನೋಡಬೇಕು. 1932ರಲ್ಲಿ ಹುಟ್ಟಿ, 1949ರಲ್ಲಿ ತೈವಾನಿಗೆ ಬಂದು, ಅಲ್ಲಿನ ‘ಐದನೆಯ ತಿಂಗಳು’ ಎಂಬ ಕಲಾವಿದರ ಗುಂಪನ್ನು ಕಟ್ಟಿದವರಲ್ಲಿ ಒಬ್ಬರಾದ ಅವರು, ಮೇಲ್ಮೈಯಲ್ಲಿ ಒರಟು ನಾರುಗಳಿರುವ ಕಾಗದವನ್ನು ತಮಗಾಗಿಯೇ ಮಾಡಿಸಿಕೊಂಡರು. ಅದರ ಮೇಲೆ ಅಗಲ ಕುಂಚದಿಂದ ಮಸಿ ಬಳಿದು, ಆಮೇಲೆ ನಾರುಗಳನ್ನು ಕಿತ್ತಾಗ ಕಪ್ಪಿನ ನಡುವೆ ಬಿಳಿಯ ಗೆರೆಗಳು ಮೂಡುತ್ತಿದ್ದವು. ಯಾವ ಕುಂಚವೂ ಎಳೆಯಲಾರದ ಗೆರೆಗಳು ಅವು. ಚಂದ್ರನನ್ನು ಸುತ್ತಿ ಬಂದ ಅಪೊಲೊ 8 ನೌಕೆಯ ಯಾತ್ರೆಯಿಂದ ಪ್ರೇರಿತರಾಗಿ 1969ರಲ್ಲಿ ಆರಂಭಿಸಿದ ಭೂಮಿ-ಚಂದ್ರರ ಚಿತ್ರಸರಣಿ ಅವರಿಗೆ ಹೆಚ್ಚು ಹೆಸರು ತಂದಿತಾದರೂ, ನನಗೆ ಹಿಡಿಸುವುದು ಅದಕ್ಕೂ ಹಿಂದಿನ ಕಪ್ಪು-ಬಿಳುಪಿನ ಕೆಲಸ. ಮುಂದೆ ಅವರು ನೀರಿನ ಮೇಲೆ ಮಸಿ ತೇಲಿಸಿ, ಹಾಳೆಯನ್ನು ಹಾಸಿ ಎತ್ತುವ ಕ್ರಮವನ್ನೂ ಹಿಡಿದರು. ಇದನ್ನು ಮನೆಯಲ್ಲಿ ಮಾಡಿ ನೋಡುವವರಿಗೂ ತೊಗಟೆ ಹೆಚ್ಚಿರುವ ಕಾಗದವೇ ಬೇಕು.

ಮಸಿಯ ವಿಷಯದಲ್ಲಿ ಇಷ್ಟು ಬಿಗುಮಾನ ಬೇಡ. ಸಾಣೆಕಲ್ಲಿನ ಮೇಲೆ ಗಂಧ ತೇಯುವಂತೆ ಮಸಿಕಡ್ಡಿಯನ್ನು ತೇಯ್ದುಕೊಂಡರೆ ಬೂದು ಬಣ್ಣದ ಛಾಯೆಗಳು ಹೆಚ್ಚು ಸಿಗುವುದು ನಿಜ. ಆದರೆ ಆಳೆತ್ತರದ ಹಾಳೆಗೆ ಬೇಕಾಗುವಷ್ಟು ತೇಯುವ ಹೊತ್ತಿಗೆ ಚಿತ್ರದ ಹುರುಪೇ ಆರಿಹೋಗುತ್ತದೆ. 1865ರಲ್ಲಿ ಬೀಜಿಂಗಿನಲ್ಲಿ ಆರಂಭವಾದ ಯೀದಗೆ ಸಂಸ್ಥೆಯ ದ್ರವಮಸಿ ಅಂಥ ಕೆಲಸಕ್ಕೆ ಒಳ್ಳೆಯ ಆಯ್ಕೆ. ಕಡ್ಡಿಯನ್ನೇ ಕೊಳ್ಳುವುದಾದರೆ ಎಣ್ಣೆಯ ಕಾಡಿಗೆಯದು ಹೊಳಪಿನ ಕಪ್ಪು ಕೊಡುತ್ತದೆ, ಪೈನ್ ಮರದ ಕಾಡಿಗೆಯದು ಹೊಳಪಿಲ್ಲದ, ತುಸು ನೀಲಿ ಬೆರೆತ ಕಪ್ಪು. ಹಾಂಗ್‌ಕಾಂಗಿನ ಚಿತ್ರಕಾರ ಲುಯಿ ಶೌ-ಕ್ವಾನ್ ಅವರ ಝೆನ್ (ಬೌದ್ಧ ಧ್ಯಾನಪಂಥ) ಚಿತ್ರಗಳಂತೆ ನಾಲ್ಕೈದು ಅಗಲವಾದ ಗೀಟುಗಳ ಮೇಲೆಯೇ ಇಡೀ ಹಾಳೆ ನಿಲ್ಲಬೇಕಾದಾಗ ಈ ವ್ಯತ್ಯಾಸ ಎದ್ದು ಕಾಣುತ್ತದೆ. ಕುಂಚಕ್ಕೆ ಮೇಕೆಯ ಕೂದಲಿನ ಅಗಲವಾದದ್ದೊಂದು, ಮೊನೆಯಿರುವುದೊಂದು ಸಾಕು.

ನಾಲ್ಕು ಚೀನೀ ಅಡಿಯ ಹಾಳೆ ಸುಮಾರು 69 ಸೆಂಟಿಮೀಟರ್ ಅಗಲ, 138 ಸೆಂಟಿಮೀಟರ್ ಉದ್ದವಿದ್ದು, ಪೂರ್ಣ ಕಟ್ಟಿನಲ್ಲಿ 100 ಹಾಳೆಗಳಿರುತ್ತವೆ. ಮೊದಲ ಸಲಕ್ಕೆ ಬಿಡಿ ಹಾಳೆಗಳನ್ನು ಕೊಡುವ ಅಂಗಡಿಯನ್ನು ಹುಡುಕಿಕೊಳ್ಳುವುದು ಲೇಸು. ಚಿತ್ರ ಒಣಗಿದ ಮೇಲೆ ಹಾಳೆ ಸುಕ್ಕಾಗುವುದು ಸಹಜವೇ ಹೊರತು ದೋಷವಲ್ಲ. ಹಿಂಬದಿಗೆ ಗೋಧಿಹಿಟ್ಟಿನ ಅಂಟಿನಿಂದ ಇನ್ನೊಂದು ಹಾಳೆ ಹಚ್ಚಿ, ಹಲಗೆಯ ಮೇಲೆ ಬಿಗಿದು ಒಣಗಿಸಿದರೆ ಅದು ನೆಟ್ಟಗಾಗುತ್ತದೆ. ಆ ಖರ್ಚನ್ನೂ ಕಾಗದದ ಲೆಕ್ಕಕ್ಕೇ ಸೇರಿಸಿಕೊಳ್ಳಿ.