ಹಳೇ ಥಾರ್ ಸಿಆರ್‌ಡಿಇ ತಗೋಬಹುದಾ? ತೀರ್ಥಹಳ್ಳಿ ಕಡೆಯ ಕೆಸರಲ್ಲಿ ಓಡಿಸಿ ಹೇಳ್ತಿರೋದು

ಆಫ್‌ರೋಡಿಂಗ್, ಅಂದರೆ ರಸ್ತೆ ಇಲ್ಲದ ಕಡೆ ಗಾಡಿ ಓಡಿಸೋದು, ಈಗಷ್ಟೇ ಕಲಿಯಬೇಕು, ಹೊಸ ಮಹೀಂದ್ರಾ ಥಾರ್‌ಗೋ ಮಾರುತಿ ಜಿಮ್ನಿಗೋ ಅಷ್ಟು ದುಡ್ಡು ಸುರಿಯೋ ಮನಸ್ಸಿಲ್ಲ ಅನ್ನುವವರಿಗೆ ನನ್ನ ಉತ್ತರ ಒಂದೇ. 2020ಕ್ಕಿಂತ ಹಿಂದಿನ ಥಾರ್‌ನಲ್ಲಿ ಜಾಸ್ತಿ ಶಕ್ತಿಯ ಡೀಸೆಲ್ ಇಂಜಿನ್ನಿನ ಮಾದರಿ, ಅಂದರೆ ಸಿಆರ್‌ಡಿಇ ನೋಡಿ. ಆದರೆ ಮೇಲಿನ ಮಿಂಚು ನೋಡಿ ಅಡ್ವಾನ್ಸ್ ಕೊಡಬೇಡಿ, ಗಾಡಿ ಅಡಿಗೆ ಮಲಗಿ ನೋಡಿ ಕೊಡಿ.

ಇಂಜಿನ್ನಿಂದ ಶುರು ಮಾಡೋಣ. 2.5 ಲೀಟರ್ ಡೀಸೆಲ್, 105 ಕುದುರೆ ಶಕ್ತಿ, 247 ಎನ್‌ಎಂ ಟಾರ್ಕ್ (ತಿರುಗಿಸುವ ಬಲ). ಕಲಿಯುವವರಿಗೆ ಇದರಲ್ಲಿ ಕೊನೆಯ ಲೆಕ್ಕವೇ ಮುಖ್ಯ. ಫೋರ್ ಲೋ (ನಾಲ್ಕೂ ಚಕ್ರಕ್ಕೆ ಶಕ್ತಿ ಕೊಡುವ ನಿಧಾನದ ಗೇರು) ಹಾಕಿ ಮೊದಲನೇ ಗೇರಿನಲ್ಲಿ ಕ್ಲಚ್ ಬಿಟ್ಟರೆ, ಆಕ್ಸಿಲರೇಟರ್ ಮುಟ್ಟದಿದ್ದರೂ ತೋಟದ ಏರು ಹತ್ತುತ್ತದೆ. ಜಂಬಿಟ್ಟಿಗೆ ಮಣ್ಣು ಮಳೆಗಾಲದಲ್ಲಿ ಹೇಗೆ ಜಾರುತ್ತದೆ ಅಂತ ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ. ಅಲ್ಲಿ ಜೋರಾಗಿ ಒತ್ತಿದವನೇ ಮೊದಲು ಹೂತುಕೊಳ್ಳುವುದು. ಈ ಗಾಡಿ ನಿಮ್ಮನ್ನು ನಿಧಾನಕ್ಕೆ ಹೋಗೋಕೆ ಬಿಡುತ್ತದೆ, ಇಳಿಜಾರಿನಲ್ಲೂ ಬ್ರೇಕ್ ಮುಟ್ಟದೆ ಲೋ ಗೇರಿನಲ್ಲೇ ಇಳಿಸುತ್ತದೆ.

ಮಾರುತಿ ಜಿಪ್ಸಿ ಯಾಕೆ ಬೇಡ ಅಂತ ಕೇಳುತ್ತೀರಿ, ಅಲ್ವಾ? ಬೇಡ ಅಂತಲ್ಲ. 1985ರಿಂದ ಬಂದ ಗಾಡಿ. ತೂಕ ಸುಮಾರು ಒಂದು ಟನ್ ಅಷ್ಟೇ, ಹಾಗಾಗಿ ಹೂತರೂ ನಾಲ್ಕು ಜನ ಸೇರಿ ತಳ್ಳಬಹುದು. ಆದರೆ 1.3 ಲೀಟರ್ ಪೆಟ್ರೋಲ್ ಇಂಜಿನ್ನಿಗೆ ಕೆಳಗಿನ ಆರ್‌ಪಿಎಂನಲ್ಲಿ ಜೀವ ಕಡಿಮೆ, ರೇಸ್ ಕೊಟ್ಟು ಹತ್ತಿಸಬೇಕು, ಹೊಸಬರಿಗೆ ಅದೇ ಕಷ್ಟ. ಅದೂ ಅಲ್ಲದೆ ಸಿನಿಮಾ ಹೀರೋ ಗಾಡಿ ಅನ್ನೋ ಹಾಗೆ ಬೆಲೆ ಹೇಳುತ್ತಾರೆ. ಇಪ್ಪತ್ತು ವರ್ಷದ ಗಾಡಿಗೆ ಆ ಬೆಲೆ ನನಗಂತೂ ಒಪ್ಪಲಿಲ್ಲ. ಎಂಎಂ 540, ಇನ್ವೇಡರ್ ಥರದ ಹಳೇ ಜೀಪು ಊರ ಮೇಸ್ತ್ರಿ ಪರಿಚಯ ಇದ್ದರೆ ಮಾತ್ರ. ರಿಪೇರಿ ನಿಮಗೇ ಬರುತ್ತದೆ ಅಂದರೆ ಇನ್ನೂ ಒಳ್ಳೆಯದು.

ಈಗ ಥಾರ್ ನೋಡೋಕೆ ಹೋಗುವಾಗಿನ ವಿಷಯ. ಹಳೇ ಥಾರ್‌ನಲ್ಲಿ ಡಿಐ ಅಂತ ಇನ್ನೊಂದಿದೆ, ಬರೀ 63 ಕುದುರೆ ಶಕ್ತಿಯದು. ಅದರಲ್ಲಿ ಟೂ ವೀಲ್ ಡ್ರೈವ್ ಕೂಡ ಬರುತ್ತದೆ, ಹೊರಗಿಂದ ನೋಡಿದರೆ ಗೊತ್ತಾಗಲ್ಲ. ಒಳಗೆ ಗೇರಿನ ಪಕ್ಕ ಫೋರ್ ಬೈ ಫೋರ್ ಹಾಕುವ ಎರಡನೇ ಲಿವರ್ ಇದೆಯಾ, ಮುಂದಿನ ಆಕ್ಸಲ್‌ಗೆ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್ ಹೋಗಿದೆಯಾ ಅಂತ ಬಗ್ಗಿ ನೋಡಿ. ಶಿವಮೊಗ್ಗದಲ್ಲಿ ಒಬ್ಬ ಬ್ರೋಕರ್ ಎರಡನೇ ಲಿವರ್ ಇಲ್ಲದ ಗಾಡಿಯನ್ನೇ "ಫೋರ್ ಬೈ ಫೋರ್ ಸಾರ್, ಬಟನ್‌ನಲ್ಲಿದೆ" ಅಂತ ನನಗೆ ತೋರಿಸಿದ. ಬಟನ್ ಎಲ್ಲಪ್ಪಾ ಅಂತ ಕೇಳಿದ್ದಕ್ಕೆ ಮಾಲೀಕರನ್ನ ಕೇಳಿ ಹೇಳ್ತೀನಿ ಅಂದ. ಇವತ್ತಿಗೂ ಹೇಳಿಲ್ಲ.

ಫೋರ್ ಬೈ ಫೋರ್ ನಿಜವಾಗಿ ಕೆಲಸ ಮಾಡುತ್ತದಾ ಅನ್ನೋದಕ್ಕೆ ಒಂದು ಪರೀಕ್ಷೆ ಇದೆ. ಸಮತಟ್ಟಾದ ಜಾಗದಲ್ಲಿ ಹ್ಯಾಂಡ್‌ಬ್ರೇಕ್ ಎಳೆದು ಹಿಂದಿನ ಚಕ್ರಗಳಿಗೆ ಹಿಂದೆಮುಂದೆ ಕಲ್ಲು ಕೊಡಿ. ಮುಂದಿನ ಒಂದೇ ಚಕ್ರವನ್ನು ಜಾಕಿನಲ್ಲಿ ಎತ್ತಿ. ಇಂಜಿನ್ ಚಾಲೂ ಇರಲಿ, ಗೇರು ನ್ಯೂಟ್ರಲ್‌ನಲ್ಲಿರಲಿ, ಫೋರ್ ಹೈ (ನಾಲ್ಕು ಚಕ್ರದ ಮಾಮೂಲಿ ವೇಗದ ಸ್ಥಾನ) ಹಾಕಿ. ಆಮೇಲೆ ಎತ್ತಿದ ಚಕ್ರವನ್ನು ಪಕ್ಕದಲ್ಲಿ ನಿಂತು ಕೈಯಲ್ಲಿ ತಿರುಗಿಸಿ ನೋಡಿ, ಗಾಡಿ ಅಡಿಗೆ ಮಾತ್ರ ಹೋಗಬೇಡಿ. ಸ್ವಲ್ಪ ಅಲ್ಲಾಡಿ ನಿಂತರೆ ಸರಿ. ಸುಮ್ನೆ ತಿರುಗುತ್ತಲೇ ಇದ್ದರೆ ಮುಂದಿನ ಚಕ್ರವನ್ನು ಆಕ್ಸಲ್‌ಗೆ ಜೋಡಿಸುವ ಹಬ್ ಲಾಕ್ ಆಗುತ್ತಿಲ್ಲ ಅಥವಾ ಬೇರೆ ಏನೋ ಹೋಗಿದೆ. ಗಾಳಿ ಎಳೆದು ಲಾಕ್ ಆಗುವ ವ್ಯಾಕ್ಯೂಮ್ ಹಬ್ ಇರುವ ಗಾಡಿಯಲ್ಲಿ ರಬ್ಬರ್ ಪೈಪು ಸೀಳಿದ್ದರೂ ಹೀಗಾಗುತ್ತದೆ, ಪೈಪು ಮಾತ್ರ ಆದರೆ ಸಣ್ಣ ರಿಪೇರಿ, ಆದರೆ ಆ ನೆಪದಲ್ಲಿ ಬೆಲೆ ಇಳಿಸಿ. ಇನ್ನೊಂದು ಮಾತು: ಒಣ ಡಾಂಬರಿನಲ್ಲಿ ಫೋರ್ ಬೈ ಫೋರ್ ಹಾಕಿ ತಿರುವು ತಗೋಬೇಡಿ. ಮುಂದಿನ ಹಿಂದಿನ ಆಕ್ಸಲ್‌ಗಳು ಒಂದಕ್ಕೊಂದು ಎಳೆದಾಡಿ, ಮುಂದೆ ಹಿಂದೆ ಶಕ್ತಿ ಹಂಚುವ ಟ್ರಾನ್ಸ್‌ಫರ್ ಕೇಸ್‌ಗೆ ಪೆಟ್ಟು.

ತುಕ್ಕು. ಇದಕ್ಕೆ ಅರ್ಧ ಗಂಟೆ ಕೊಡಿ. ಆಗುಂಬೆ, ಹೊಸನಗರ, ಬಿದನೂರು ನಗರದ ಕಡೆ ಇದ್ದ ಗಾಡಿ ಮಳೆಯಲ್ಲೇ ನೆನೆದಿರುತ್ತದೆ. ಕಂಪನಿಯಿಂದ ಬರುತ್ತಿದ್ದದ್ದು ಬರೀ ಕ್ಯಾನ್ವಾಸ್ ಹುಡ್, ಅದು ಸೋರುತ್ತದೆ, ನೀರು ಮ್ಯಾಟ್ ಅಡಿಗೆ ಇಳಿದು ಫ್ಲೋರ್ ತಿನ್ನುತ್ತದೆ. ಮ್ಯಾಟ್ ಎತ್ತಿ ನೋಡಿ. ಚಾಸಿಗೆ ಹೊಸದಾಗಿ ದಪ್ಪ ಕಪ್ಪು ಪೇಂಟ್ ಬಳಿದಿದ್ದರೆ ಅನುಮಾನ ಪಡಿ, ಸ್ಕ್ರೂಡ್ರೈವರ್ ಹಿಡಿಯಲ್ಲಿ ತಟ್ಟುತ್ತಾ ಹೋದರೆ ಟೊಳ್ಳಾದ ಕಡೆ ಸದ್ದೇ ಬೇರೆ ಬರುತ್ತದೆ. ಹಿಂದಿನ ಪ್ಲೇಟು (ಲೀಫ್ ಸ್ಪ್ರಿಂಗ್) ಕೂರುವ ಜಾಗದಲ್ಲಿ ವೆಲ್ಡಿಂಗ್ ಇದ್ದರೆ ನಾನಾದರೆ ವಾಪಸ್ ಬರುತ್ತೇನೆ.

ಓಡಿಸುವ ಅನುಭವ? ಡಾಂಬರಿನಲ್ಲಿ ಅಷ್ಟಕ್ಕಷ್ಟೇ. ಹಿಂದಿನ ಎದುರುಬದುರು ಸೀಟಿನಲ್ಲಿ ಕೂತವರು ಪಿಕಪ್‌ನಲ್ಲಿ ಹಾಕಿದ ಅಡಿಕೆ ಮೂಟೆ ಹಾಗೆ ಕುಲುಕುತ್ತಾರೆ. ಏರ್‌ಬ್ಯಾಗ್ ಇಲ್ಲ. ಮುಂದೆ ಇಂಡಿಪೆಂಡೆಂಟ್ ಸಸ್ಪೆನ್ಷನ್, ಅಂದರೆ ಎರಡು ಚಕ್ರ ಬೇರೆ ಬೇರೆಯಾಗಿ ಏಳುವುದು ಇಳಿಯುವುದು, ಹಾಗಾಗಿ ಕೊರಕಲಿನಲ್ಲಿ ಒಂದು ಚಕ್ರ ಬೇಗ ಗಾಳಿಗೆ ಏಳುತ್ತದೆ. 2015ರ ಮಾದರಿಯಿಂದ ಹಿಂದಿನ ಎರಡು ಚಕ್ರಕ್ಕೆ ಶಕ್ತಿ ಹಂಚುವ ಡಿಫರೆನ್ಷಿಯಲ್ ತಾನಾಗೇ ಲಾಕ್ ಆಗುತ್ತದೆ, ಒಂದು ಚಕ್ರ ಜಾರಿದರೂ ಇನ್ನೊಂದು ಎಳೆಯುತ್ತದೆ, ಅದು ದೊಡ್ಡ ವ್ಯತ್ಯಾಸ. ಬಜೆಟ್ ಸ್ವಲ್ಪ ಎಳೆದರೆ ಸಿಗುತ್ತದೆ ಅಂದರೆ ಅದನ್ನೇ ಹಿಡಿಯಿರಿ. ವಿಂಚ್, ದೊಡ್ಡ ಟೈರು, ಎಲ್‌ಇಡಿ ಲೈಟು ಅಂತ ಹಾಕಿ ಲಕ್ಷ ಜಾಸ್ತಿ ಹೇಳುವ ಗಾಡಿಗಿಂತ, ಏನೂ ಬದಲಾಯಿಸದ, ಶೋರೂಮಿನಿಂದ ಬಂದ ಹಾಗೇ ಇರುವ ಗಾಡಿ ವಾಸಿ. ಒಳ್ಳೆ ಆಲ್ ಟೆರೇನ್ ಟೈರು, ಒಂದು ಎಳೆಯುವ ಬೆಲ್ಟ್, ಗಾಳಿ ತುಂಬುವ ಪಂಪು, ಶುರುವಿಗೆ ಇಷ್ಟು ಸಾಕು. ಕೆಸರಿಗಿಳಿಯುವ ಮುಂಚೆ ಗಾಳಿ 20 ಪಿಎಸ್‌ಐ ಹತ್ತಿರಕ್ಕೆ ಇಳಿಸಿ, ಡಾಂಬರಿಗೆ ಬಂದ ಕೂಡಲೇ ತುಂಬಿಸಿ.

ಹಾರ್ಡ್ ಟಾಪ್ ಹಾಕಿಸಿದ ಗಾಡಿ ಸಿಕ್ಕರೆ ಆರ್‌ಸಿಯಲ್ಲಿ ಅದು ನಮೂದಾಗಿದೆಯಾ ನೋಡಿ. ಇಲ್ಲದಿದ್ದರೆ ಇನ್ಶೂರೆನ್ಸ್ ಕ್ಲೇಮ್ ಸಮಯದಲ್ಲಿ ತಕರಾರು. ಲೋನ್ ತೀರಿದ್ದರೆ ಬ್ಯಾಂಕಿನ ಎನ್‌ಒಸಿ, ಆರ್‌ಸಿಯಿಂದ ಸಾಲದ ನಮೂದು ತೆಗೆಸುವ ಫಾರ್ಮ್ 35 ಕೈಗೆ ಬಂದ ಮೇಲೇ ಉಳಿದ ದುಡ್ಡು. ರಿಜಿಸ್ಟ್ರೇಷನ್ 15 ವರ್ಷಕ್ಕೆ ಮುಗಿಯುತ್ತದೆ, ಆಮೇಲೆ ಐದೈದು ವರ್ಷಕ್ಕೆ ನವೀಕರಣ. 2011ರ ಗಾಡಿ ಕಡಿಮೆಗೆ ಸಿಗುತ್ತಿದ್ದರೆ ಕಾರಣ ಇದೂ ಇರಬಹುದು, ಆ ಖರ್ಚನ್ನೂ ಸೇರಿಸಿ ಲೆಕ್ಕ ಹಾಕಿ.

ಎಲ್ಲಿ ಕಲಿಯೋದು? ಕೊಡಚಾದ್ರಿ ಬೆಟ್ಟ ಹತ್ತುವ ಜೀಪುಗಳನ್ನು ನೋಡಿ ನಾವೂ ಹಾಗೇ ನುಗ್ಗೋಣ ಅನಿಸುತ್ತದೆ. ಆದರೆ ಅದು ಮೂಕಾಂಬಿಕಾ ಅಭಯಾರಣ್ಯ, ಇಷ್ಟ ಬಂದಲ್ಲಿ ಗಾಡಿ ನುಗ್ಗಿಸಿದರೆ ಅರಣ್ಯ ಇಲಾಖೆ ಕೇಸು ಹಾಕುತ್ತದೆ. ಶೆಟ್ಟಿಹಳ್ಳಿ ಅಭಯಾರಣ್ಯದ ಕಡೆಯೂ ಅಷ್ಟೇ. ಗೊತ್ತಿರುವವರ ತೋಟದ ದಾರಿ, ಕೊಯ್ಲಾದ ಗದ್ದೆ ಸಾಕು, ಅವರನ್ನು ಕೇಳಿಕೊಂಡು ಹೋಗಿ. ಒಬ್ಬರೇ ಹೋಗಬೇಡಿ, ಎಳೆಯೋಕೆ ಇನ್ನೊಂದು ಗಾಡಿ ಇರಲಿ, ಟ್ರ್ಯಾಕ್ಟರ್ ಆದರೂ ಆಯಿತು.